ಹಿತ್ತಲ ಹಲಸು, ಒಂದು ಚೈನ್‌ಸಾ, ನಾಲ್ಕು ಹಲಗೆ

ಚಿಕ್ಕಮ್ಮನ ಮನೆಯ ಹಿತ್ತಲಲ್ಲಿ ಒಂದು ಹಲಸಿನ ಮರ ಇತ್ತು. ಮನೆ ಕಡೆಗೇ ವಾಲಿಕೊಂಡು ಬೆಳೆದ ಮರ. ಬುಡದ ಒಂದು ಪಕ್ಕದಲ್ಲಿ ಬೇರು ಕೊಳೆಯುತ್ತಿದೆ ಅಂತ ಗೊತ್ತಾದ ಮೇಲೆ ಕಡಿಸದೆ ದಾರಿ ಇರಲಿಲ್ಲ. ಕಡಿದದ್ದು ಸೌದೆಯಾಗಿ ಹೋಗುವ ಬದಲು ಒಂದಿಷ್ಟು ನಾಟಾ ಆಗಲಿ ಅಂತ ಚಿಕ್ಕಮ್ಮ ನನಗೆ ಫೋನ್ ಮಾಡಿದರು. ನನ್ನ ಹತ್ತಿರ 70 ಸಿಸಿಯ ಚೈನ್‌ಸಾ ಇತ್ತು. ಅದಕ್ಕೆ 28 ಇಂಚಿನ ಬಾರ್, ಅಂದರೆ ಚೈನ್ ಸುತ್ತುವ ಉದ್ದನೆಯ ಪಟ್ಟಿ, ಮತ್ತು ದಿಮ್ಮಿಯನ್ನು ಉದ್ದಕ್ಕೆ ಹಲಗೆಯಾಗಿ ಸೀಳಲು ಬಾರಿಗೆ ಕಚ್ಚಿಸುವ ಅಲಾಸ್ಕನ್ ಮಿಲ್ ಅನ್ನುವ ಚೌಕಟ್ಟೂ ಇತ್ತು.

ಆ ಒಂದು ಮರದಲ್ಲಿ ಏನು ಸರಿಹೋಯಿತು, ಏನು ಕೆಟ್ಟಿತು ಅಂತ ಅಳತೆ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ಗರಗಸ ಓಡಿದ್ದು ಬರೀ ಎರಡು ದಿನ. ಆದರೆ ಹಲಗೆ ಹೇಗೆ ಬರುತ್ತದೆ ಅನ್ನುವುದು ಬಹುಪಾಲು ಆ ಎರಡು ದಿನಕ್ಕೆ ಮುಂಚೆ ಮತ್ತು ಅದಾದ ಮೇಲೆ ತೀರ್ಮಾನವಾಯಿತು. ನಾನು ಇದನ್ನು ಬರೆಯಲು ಮುಖ್ಯ ಕಾರಣವೇ ಅದು.

ನಾನು ಹೋಗುವಷ್ಟರಲ್ಲಿ ಉಳಿದದ್ದು

ಕಡಿಯುವವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದರು. ಹಗ್ಗ ಕಟ್ಟಿ, ಕೊಂಬೆ ಒಂದೊಂದಾಗಿ ಇಳಿಸಿ, ಮನೆಗೆ ಒಂದು ಹೆಂಚೂ ಒಡೆಯದ ಹಾಗೆ ಮರ ಉರುಳಿಸಿದ್ದರು. ಆದರೆ ಅವರಿಗೆ ಯಾರೂ ಅಳತೆ ಹೇಳಿರಲಿಲ್ಲ. ಅಳತೆ ಹೇಳದಿದ್ದರೆ ಮರ ಸೌದೆ ಅಳತೆಗೇ ತುಂಡಾಗುತ್ತದೆ. ಮೇಲಿನ ಅರ್ಧ ಮರ ಎರಡೆರಡು ಅಡಿ ತುಂಡಾಗಿ ಗೋಡೆ ಪಕ್ಕ ಪೇರಿಸಿಯಾಗಿತ್ತು. ಕವಲೊಡೆಯುವ ಜಾಗ, ಅಂದರೆ ಮರದಲ್ಲಿ ಎಲ್ಲಕ್ಕಿಂತ ಚಂದದ ನಾರು ಸುತ್ತಿಕೊಂಡಿರುವ ಜಾಗ, ಸರಿಯಾಗಿ ನಡುವೆ ಅಡ್ಡ ಕತ್ತರಿಸಿ ಹೋಗಿತ್ತು. ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದಾಗ ಆದ ಸಂಕಟ ಇನ್ನೂ ನೆನಪಿದೆ. ಒಂದು ಫೋನ್ ಕರೆ ಒಂದು ದಿನ ಮುಂಚೆ ಬಂದಿದ್ದರೆ ಸಾಕಿತ್ತು.

ಉಳಿದದ್ದು ಬುಡದ ಒಂದೇ ದಿಮ್ಮಿ. ಉದ್ದ 9 ಅಡಿ 8 ಇಂಚು. ನಡುವಿನ ಸುತ್ತಳತೆ 66 ಇಂಚು. ಚಿಕ್ಕ ತುದಿಯಲ್ಲಿ ತೊಗಟೆ ಬಿಟ್ಟು 19 ಇಂಚು ದಪ್ಪ, ಅಂದರೆ 480 ಮಿಲಿಮೀಟರ್. ಬುಡದ ಕಡೆ ಬೇರು ಉಬ್ಬಿದ್ದರಿಂದ 25 ಇಂಚು.

ನಾಟಾ ವ್ಯಾಪಾರದವರು ದಿಮ್ಮಿ ಅಳೆಯುವ ಹಳೆಯ ಲೆಕ್ಕ ಒಂದಿದೆ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. 66ರ ಕಾಲು ಭಾಗ 16.5. ಇಂಚನ್ನು ಅಡಿಗೆ ಬದಲಿಸಿ, ಬಳಸಲು ಸಿಗುವ 9 ಅಡಿಗೆ ಲೆಕ್ಕ ಹಾಕಿದರೆ ಸುಮಾರು 17 ಘನ ಅಡಿ ಬರುತ್ತದೆ. ದಿಮ್ಮಿಯಲ್ಲಿ ನಿಜವಾಗಿ ಇರುವುದು 21.7 ಘನ ಅಡಿ. ಈ ಲೆಕ್ಕ ಯಾವಾಗಲೂ ಶೇಕಡ 78.5ರಷ್ಟೇ ತೋರಿಸುತ್ತದೆ, ಕೊಯ್ಯುವಾಗ ಹೋಗುವ ತೊಗಟೆ, ಹೊಟ್ಟು, ಅಂಚುಗಳನ್ನು ಮೊದಲೇ ಕಳೆದಿಟ್ಟ ಹಾಗೆ. ದಿಮ್ಮಿ ಕೊಳ್ಳುವವರೂ ಮಾರುವವರೂ ಇದನ್ನು ತಿಳಿದಿರುವುದು ಒಳ್ಳೆಯದು.

ಇಷ್ಟು ದಪ್ಪದ ಹಸಿ ದಿಮ್ಮಿ ಅರ್ಧ ಟನ್ನಿನ ಆಸುಪಾಸು ತೂಗುತ್ತದೆ. ಹಿತ್ತಲಿಗೆ ಇದ್ದದ್ದು ಮೂರು ಅಡಿ ಅಗಲದ ಓಣಿ. ದಿಮ್ಮಿ ಇಡಿಯಾಗಿ ಹೊರಗೆ ಬರುವ ಮಾತೇ ಇಲ್ಲ. ಚೈನ್‌ಸಾದಲ್ಲಿ ಹಲಗೆ ಕೊಯ್ಯುವುದಕ್ಕೆ ನಿಜವಾದ ಕಾರಣ ಇಂಥ ಜಾಗವೇ. ದಿಮ್ಮಿಯನ್ನು ಗಾಡಿಗೆ ಹೇರಿ ಸಾಮಿಲ್ಲಿಗೆ ಕೊಂಡೊಯ್ಯಲು ಆಗುವುದಾದರೆ ಅಲ್ಲಿಗೇ ಒಯ್ಯಿರಿ ಅಂತಲೇ ನಾನು ಹೇಳುತ್ತೇನೆ. ಅಲ್ಲಿನ ಬ್ಯಾಂಡ್ ಗರಗಸ ಒಂದು ಸೀಳಿಗೆ 2–3 ಮಿಲಿಮೀಟರ್ ಮರ ತಿನ್ನುತ್ತದೆ. ಚೈನ್‌ಸಾ ತಿನ್ನುವುದು 9–10 ಮಿಲಿಮೀಟರ್. ಆರು ಸೀಳು ಹಾಕಿದರೆ ಒಂದು ಪೂರ್ತಿ ಹಲಗೆಯೇ ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ಶಬ್ದ, ಹೊಗೆ, ಸೊಂಟ ನೋವು ಬೇರೆ.

ಕಬ್ಬಿಣ ಹುಡುಕಿದ್ದು, ಸಿಗದೆ ಹೋದದ್ದು

ಕಾಡಿನ ಮರಕ್ಕೂ ಮನೆ ಹಿತ್ತಲ ಮರಕ್ಕೂ ದೊಡ್ಡ ವ್ಯತ್ಯಾಸ ಕಬ್ಬಿಣ. ಹಿತ್ತಲ ಮರಕ್ಕೆ ಮನುಷ್ಯರು ಏನಾದರೂ ಹೊಡೆದೇ ಇರುತ್ತಾರೆ. ಮರ ವರ್ಷ ವರ್ಷ ದಪ್ಪವಾಗುತ್ತಾ ಅದನ್ನು ನುಂಗಿಬಿಡುತ್ತದೆ. ಹೊರಗೆ ಒಂದು ಗುರುತೂ ಉಳಿಯುವುದಿಲ್ಲ.

ಹುಡುಕಲು ಸುಲಭ ಮಾಡುವ ಒಂದು ಸಂಗತಿ ಇದೆ. ಮರ ಎತ್ತರ ಆಗುವುದು ತುದಿಯಲ್ಲಿ ಮಾತ್ರ. ಕಾಂಡ ದಪ್ಪವಾಗುತ್ತದೆಯೇ ಹೊರತು ಮೇಲಕ್ಕೆ ಹಿಗ್ಗುವುದಿಲ್ಲ. ಎದೆಯ ಎತ್ತರಕ್ಕೆ ಹೊಡೆದ ಮೊಳೆ ಐವತ್ತು ವರ್ಷ ಆದರೂ ಎದೆಯ ಎತ್ತರದಲ್ಲೇ ಇರುತ್ತದೆ. ಆದ್ದರಿಂದ ಮೊಣಕಾಲಿನಿಂದ ಹಿಡಿದು ಕೈ ಎತ್ತಿದರೆ ಸಿಗುವ ಎತ್ತರದವರೆಗೆ ಹುಡುಕಿದರೆ ಹೆಚ್ಚಿನದು ಸಿಗುತ್ತದೆ.

ಮೊದಲು ತೊಗಟೆ ಪೂರ್ತಿ ಕಿತ್ತೆವು. ತೊಗಟೆಯಲ್ಲಿ ಕೂತ ಮಣ್ಣು, ಮರಳು ಚೈನಿನ ಹಲ್ಲನ್ನು ನಿಮಿಷದಲ್ಲಿ ಮೊಂಡು ಮಾಡುತ್ತದೆ. ಮರ ಕೊರೆಯುವ ಹುಳು ಮೊದಲು ಸೇರಿಕೊಳ್ಳುವುದೂ ತೊಗಟೆಯ ಕೆಳಗೇ. ಆಮೇಲೆ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರನ್ನು ಸುತ್ತಲೂ ನಿಧಾನವಾಗಿ ಓಡಿಸಿದೆ. ಎರಡು ಕಡೆ ಕೂಗಿತು. ಎರಡೂ ಮೊಳೆ. ಉಳಿಯಿಂದ ಸುತ್ತ ಕೆತ್ತಿ ತೆಗೆದೆ.

ಚಿಕ್ಕಮ್ಮನನ್ನೂ ಕೇಳಿದೆ. "ಚಿಕ್ಕಮ್ಮ, ಈ ಮರಕ್ಕೆ ಬೇರೆಲ್ಲಾದ್ರೂ ಮೊಳೆ ಹೊಡೆದಿದ್ರಾ?"

"ಇಲ್ಲಪ್ಪ, ಮರಕ್ಕೆ ನಾವ್ಯಾಕೆ ಮೊಳೆ ಹೊಡಿಯೋಣ," ಅಂದರು.

ದಿಮ್ಮಿ ಕಡಿದು ಆಗಲೇ ಹನ್ನೆರಡು ದಿನ ಆಗಿತ್ತು. ಎರಡೂ ತುದಿಯಲ್ಲಿ ಕೂದಲೆಳೆಯಂಥ ಬಿರುಕು ಶುರುವಾಗಿತ್ತು. ತುದಿ ಬೇಗ ಒಣಗುತ್ತದೆ, ಯಾಕೆಂದರೆ ಮರದ ನೀರಿನ ಕೊಳವೆಗಳೆಲ್ಲ ಬಾಯಿ ತೆರೆಯುವುದು ಅಲ್ಲೇ. ನಡುಭಾಗ ಇನ್ನೂ ಹಸಿ, ತುದಿ ಒಣಗಿ ಕುಗ್ಗುತ್ತದೆ, ಎಳೆದಾಟದಲ್ಲಿ ಬಿರಿಯುತ್ತದೆ. ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸಿ ತಾಜಾ ಮುಖ ತೆಗೆದು ದಪ್ಪಗೆ ಎಣ್ಣೆ ಪೇಂಟ್ ಬಳಿದೆ. ಇದನ್ನು ಮರ ಬಿದ್ದ ದಿನವೇ ಮಾಡಬೇಕಿತ್ತು.

ಪೇಂಟ್ ಬಳಿಯುವಾಗ ಬುಡದ ತುದಿಯಲ್ಲಿ ಉಗುರಿನಷ್ಟು ಅಗಲದ ಒಂದು ನೀಲಿಗಪ್ಪು ಕಲೆ ಕಂಡಿತು. ಅಂಚಿನಿಂದ ನಾಲ್ಕು ಇಂಚು ಒಳಗೆ. ನೋಡಿದೆ. ನೀರಿನ ಕಲೆ ಇರಬೇಕು ಅಂದುಕೊಂಡು ಅದರ ಮೇಲೇ ಕುಂಚ ಆಡಿಸಿದೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ಚೈನು, ಪೆಟ್ರೋಲು, ಕಿವಿ

ಸಾಮಾನ್ಯ ಚೈನ್ ಇರುವುದು ಮರವನ್ನು ಅಡ್ಡ ಕತ್ತರಿಸಲು. ಅದರ ಹಲ್ಲಿನ ಮೇಲಂಚು ಸುಮಾರು 30 ಡಿಗ್ರಿ ಓರೆ ಇರುತ್ತದೆ. ಉದ್ದಕ್ಕೆ ಸೀಳುವಾಗ ಹಲ್ಲು ನಾರಿನ ತುದಿಯನ್ನೇ ಕೆರೆಯುತ್ತಾ ಹೋಗಬೇಕು. ಅದಕ್ಕೆ 10 ಡಿಗ್ರಿಯಷ್ಟು ಓರೆ ಸಾಕು. ಹೀಗೆ ಅರ ಹಾಕಿದ ಚೈನಿಗೆ ರಿಪ್ಪಿಂಗ್ ಚೈನ್ ಅನ್ನುತ್ತಾರೆ. ಹಲಗೆಯ ಮೈ ನುಣುಪಾಗಿ ಬರುತ್ತದೆ. ನಾನು ಎರಡು ಹಳೆಯ ಚೈನುಗಳನ್ನೇ ಮನೆಯಲ್ಲಿ ಕೂತು 10 ಡಿಗ್ರಿಗೆ ಅರ ಹಾಕಿಕೊಂಡಿದ್ದೆ. ಎಲ್ಲಾ ಹಲ್ಲೂ ಒಂದೇ ಉದ್ದ ಇರಬೇಕು. ಒಂದು ಕಡೆಯ ಹಲ್ಲು ಗಿಡ್ಡ ಆದರೆ ಬಾರ್ ಆ ಕಡೆ ಇಳಿಯುತ್ತದೋ ಏರುತ್ತದೋ, ಅಂತೂ ಹಲಗೆ ಅಲೆಅಲೆಯಾಗುತ್ತದೆ.

28 ಇಂಚಿನ ಬಾರ್ ಅಂದರೆ 28 ಇಂಚು ಅಗಲ ಕೊಯ್ಯಬಹುದು ಅಂತಲ್ಲ. ಚೌಕಟ್ಟಿನ ಹಿಡಿಕೆಗಳು 4ರಿಂದ 6 ಇಂಚು ತಿನ್ನುತ್ತವೆ. ನನಗೆ ಸಿಕ್ಕಿದ್ದು 23 ಇಂಚು. ಬುಡದ ಉಬ್ಬನ್ನು ಮೊದಲು ಚೈನ್‌ಸಾದಲ್ಲೇ ಬದಿಯಿಂದ ಸವರಿ ದಿಮ್ಮಿಯನ್ನು ಸಣ್ಣ ಮಾಡಬೇಕಾಯಿತು. ಇಂಜಿನ್ ವಿಷಯಕ್ಕೆ ಬಂದರೆ, ಇಷ್ಟು ಅಗಲದ ಗಟ್ಟಿ ಮರಕ್ಕೆ 70 ಸಿಸಿ ಕಡಿಮೆಯೇ. 90 ಸಿಸಿ ಇದ್ದರೆ ಆರಾಮ. ಚಿಕ್ಕ ಇಂಜಿನ್ನಿನಲ್ಲಿ ಆಗುವುದಿಲ್ಲ ಅಂತಲ್ಲ, ಅವಸರ ಮಾಡಬಾರದು ಅಷ್ಟೇ.

ಸೌದೆ ಕತ್ತರಿಸುವಾಗ ಗರಗಸ ಹತ್ತು ಸೆಕೆಂಡು ಓಡಿ ನಿಲ್ಲುತ್ತದೆ. ಹಲಗೆ ಕೊಯ್ಯುವಾಗ ಹತ್ತು ನಿಮಿಷಕ್ಕೂ ಜಾಸ್ತಿ ಪೂರ್ತಿ ವೇಗದಲ್ಲೇ ಓಡುತ್ತದೆ. ಇಂಜಿನ್ ಕಾಯುತ್ತದೆ. ಟು-ಸ್ಟ್ರೋಕ್ ಎಣ್ಣೆ ಹೇಳಿದ್ದಕ್ಕಿಂತ ಕಡಿಮೆ ಬೆರೆಸಿದರೆ ಪಿಸ್ಟನ್ ಸುಟ್ಟುಹೋಗುತ್ತದೆ. ಒಂದು ಸೀಳು ಮುಗಿದ ಕೂಡಲೇ ಆಫ್ ಮಾಡದೆ ಅರ್ಧ ನಿಮಿಷ ಸುಮ್ನೆ ಐಡಲ್‌ನಲ್ಲಿ ಬಿಡಬೇಕು. ಫ್ಯಾನಿನ ಗಾಳಿ ಸಿಲಿಂಡರನ್ನು ತಣಿಸಲಿ.

ಇನ್ನು ನಮ್ಮ ಮೈ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಕಾಲಿಗೆ ಚೈನ್ ತಡೆಯುವ ಪ್ಯಾಂಟು, ಗಟ್ಟಿ ಬೂಟು. ಇವನ್ನು ಎಲ್ಲರೂ ಹೇಳುತ್ತಾರೆ. ಹೊಗೆಯ ಬಗ್ಗೆ ಜಾಸ್ತಿ ಜನ ಹೇಳುವುದಿಲ್ಲ. ಬಗ್ಗಿ ನಿಂತು ಕೊಯ್ಯುವಾಗ ಮುಖ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಮೂತಿಗೆ ಕಟ್ಟಿದ ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮೂರು ಕಡೆ ಗೋಡೆ ಇರುವ ಹಿತ್ತಲಲ್ಲಿ ಗಾಳಿ ಆಡುವುದಿಲ್ಲ. ಮೊದಲ ದಿನ ಎರಡನೇ ಸೀಳಿನ ಹೊತ್ತಿಗೆ ನನಗೆ ತಲೆ ಭಾರ ಆಯಿತು. ಕೆಲಸ ನಿಲ್ಲಿಸಿ, ದಿಮ್ಮಿಯನ್ನು ಗೋಡೆಯಿಂದ ದೂರ ಉರುಳಿಸಿ, ಗಾಳಿ ಬೆನ್ನಿನಿಂದ ಬರುವ ಹಾಗೆ ತಿರುಗಿಸಿಕೊಂಡ ಮೇಲೆ ಸರಿಹೋಯಿತು. ಇದರಲ್ಲಿ ಉದಾಸೀನ ಮಾಡಬೇಡಿ.

ಮೊದಲ ಸೀಳು

ಅಲಾಸ್ಕನ್ ಮಿಲ್ಲಿಗೆ ಸ್ವಂತ ಬುದ್ಧಿ ಇಲ್ಲ. ದಿಮ್ಮಿಯ ಮೇಲೆ ಜಾರುತ್ತಾ, ಮೇಲಿನ ಮೈ ಹೇಗಿದೆಯೋ ಅದನ್ನೇ ಕೆಳಗೆ ನಕಲು ಮಾಡುತ್ತದೆ. ಮೊದಲ ಮೈ ತಿರುಚಿದ್ದರೆ ಎಲ್ಲಾ ಹಲಗೆಯೂ ತಿರುಚಿಯೇ ಬರುತ್ತವೆ. ಹಾಗಾಗಿ ಮೊದಲ ಸೀಳಿಗೆ ನಾನು ಅರ್ಧ ದಿನ ಕೊಟ್ಟೆ.

ದಿಮ್ಮಿಯನ್ನು ಎರಡು ದಪ್ಪ ತುಂಡುಗಳ ಮೇಲೆ ಏರಿಸಿ, ಎರಡೂ ಬದಿಗೆ ಬೆಣೆ ಬಡಿದು ಅಲ್ಲಾಡದ ಹಾಗೆ ಮಾಡಿದೆವು. ಶುರು ಮಾಡುವ ತುದಿಯನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರಿಸಿದೆವು. ಇಳಿಜಾರಿದ್ದರೆ ಗರಗಸ ತನ್ನ ಭಾರಕ್ಕೇ ಮುಂದೆ ಹೋಗುತ್ತದೆ, ನಾವು ನೂಕಬೇಕಾಗಿಲ್ಲ.

ಯಾವ ಮೈ ಮೇಲೆ ಬರಬೇಕು? ಇದು ವಾಲಿದ ಮರ. ವಾಲಿದ ಮರ ಬೀಳದೆ ನಿಲ್ಲಲು ಮೇಲ್ಭಾಗದ ನಾರನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ಆ ಕಡೆ ಜಾಸ್ತಿ ದಪ್ಪವೂ ಬೆಳೆದಿರುತ್ತದೆ. ಅದಕ್ಕೇ ನಡುವಿನ ತಿರುಳು ನಿಜವಾದ ನಡುವಿನಲ್ಲಿರದೆ ಚಿಕ್ಕ ತುದಿಯಲ್ಲಿ ಒಂದು ಇಂಚಿನಷ್ಟು ಕೆಳಗೆ ಸರಿದಿತ್ತು. ಕೊಯ್ದ ಕೂಡಲೇ ಆ ಬಿಗಿತ ಬಿಡುತ್ತದೆ, ಹಲಗೆ ಬಾಗುತ್ತದೆ. ಬಾಗುವುದನ್ನು ತಪ್ಪಿಸಲು ಆಗುವುದಿಲ್ಲ, ಆದರೆ ಯಾವ ಕಡೆ ಬಾಗಬೇಕು ಅಂತ ನಾವು ಆರಿಸಬಹುದು. ಬಿಗಿ ಇರುವ ಮೈ ಮೇಲೆ ಬಂದರೆ ಹಲಗೆ ಬಿಲ್ಲಿನ ಹಾಗೆ ಚಪ್ಪಟೆ ಮೈಯಲ್ಲಿ ಬಾಗುತ್ತದೆ. ಮೇಲೆ ಭಾರ ಹೇರಿ ಅದನ್ನು ಸ್ವಲ್ಪ ತಿದ್ದಬಹುದು. ಬಿಗಿ ಬದಿಗೆ ಬಂದರೆ ಹಲಗೆ ಕತ್ತಿಯ ಅಲಗಿನ ಹಾಗೆ ಪಕ್ಕಕ್ಕೆ ಬಾಗುತ್ತದೆ. ಅದಕ್ಕೆ ಯಾವ ಭಾರವೂ ಕೆಲಸ ಮಾಡುವುದಿಲ್ಲ. ಬಿಗಿ ಮೈಯನ್ನೇ ಮೇಲಕ್ಕೆ ತಿರುಗಿಸಿದೆ.

ತಿರುಳು ಇರುವ ಭಾಗ ಯಾವ ಹಲಗೆಗೂ ಬರಬಾರದು, ಬಂದರೆ ಅದು ಖಂಡಿತ ಸೀಳುತ್ತದೆ. 480 ಮಿಲಿಮೀಟರನ್ನು ಕಾಗದದ ಮೇಲೆ ಹೀಗೆ ಹಂಚಿದೆ: ಮೇಲಿನ ಹೊರಮೈ (ಹಲಗೆಯಾಗದ ದುಂಡು ಹೋಳು) 85, ಆಮೇಲೆ 50ರ ಎರಡು ಹಲಗೆ, ತಿರುಳು ಸೇರಿದ 100ರ ತೊಲೆ, ಮತ್ತೆ 50ರ ಎರಡು ಹಲಗೆ, ಕೆಳಗಿನ ಹೊರಮೈ 35. ನಡುವಿನ ಆರು ಸೀಳಿಗೆ ಹತ್ತತ್ತರಂತೆ 60. ಮೇಲಿನ ಹೊರಮೈಯನ್ನು ಬೇಕೆಂದೇ ದಪ್ಪ ಇಟ್ಟೆ. ತೀರಾ ಬಿಗಿ ಇರುವ ಮರ ಅದರಲ್ಲೇ ಹೋಗಲಿ ಅಂತ.

ಮೊದಲ ಸೀಳಿಗೆ ದಾರಿ ತೋರಿಸಿದ್ದು ಅಲ್ಯೂಮಿನಿಯಂ ಏಣಿ. ದಿಮ್ಮಿಗಿಂತ ಉದ್ದದ ಏಣಿ ಬೇಕು, ಯಾಕೆಂದರೆ ಗರಗಸ ಒಳಗೆ ಹೋಗುವಾಗ, ಹೊರಗೆ ಬರುವಾಗ ಚೌಕಟ್ಟು ಏನಾದರೊಂದರ ಮೇಲೆ ಕೂತಿರಬೇಕು. ಎರಡೂ ತುದಿಯಲ್ಲಿ ಮರದ ಅಡ್ಡಪಟ್ಟಿ ಇಟ್ಟು ಸ್ಕ್ರೂ ಹಾಕಿದೆ, ನಡುವೆ ಏಣಿ ಜೋಲದ ಹಾಗೆ ಬೆಣೆ ಕೊಟ್ಟೆ. ಸ್ಕ್ರೂ ಸೀಳಿನ ಆಳಕ್ಕೆ ಇಳಿಯದಂತೆ ಗಿಡ್ಡ ಇರಬೇಕು. ಇಳಿಜಾರಿನ ದಿಮ್ಮಿಗೆ ಉದ್ದಕ್ಕೆ ರಸಮಟ್ಟ ಇಟ್ಟು ಉಪಯೋಗವಿಲ್ಲ. ತಿರುಚು ನೋಡಲು ಏಣಿಯ ಎರಡು ತುದಿಯಲ್ಲಿ ಎರಡು ನೇರ ಪಟ್ಟಿ ಅಡ್ಡಡ್ಡ ಇಟ್ಟೆ. ಹತ್ತು ಹೆಜ್ಜೆ ಹಿಂದೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದೆ. ಹತ್ತಿರದ ಪಟ್ಟಿಯ ಅಂಚು ದೂರದ ಪಟ್ಟಿಯ ಅಂಚಿನ ಮೇಲೆ ಎಡದಿಂದ ಬಲದವರೆಗೆ ಒಂದೇ ಗೆರೆಯಾಗಿ ಕೂರಬೇಕು. ಬಲಗಡೆ ಬೆರಳ ದಪ್ಪ ಎದ್ದಿತ್ತು. ಬೆಣೆ ಸರಿಸಿ, ಮತ್ತೆ ಹಿಂದೆ ಹೋಗಿ, ಮತ್ತೆ ನೋಡಿ, ಐದಾರು ಸಲ ಓಡಾಡಿದ ಮೇಲೆ ಗೆರೆ ಕೂತಿತು.

ಸೀಳು ಶುರುವಾದ ಮೇಲೆ ಕೈಗೆ ಹೆಚ್ಚು ಕೆಲಸವಿಲ್ಲ, ಕಿವಿಗೂ ಕಣ್ಣಿಗೂ ಇದೆ. ಚೈನ್ ಹರಿತ ಇದ್ದರೆ ಹೊಟ್ಟು ಚಿಕ್ಕ ಚಿಕ್ಕ ಎಳೆಯಾಗಿ, ಒದ್ದೆಯಾಗಿ ಬೀಳುತ್ತದೆ. ಅದು ಹಿಟ್ಟಿನ ಹಾಗೆ ಆದರೆ ಚೈನ್ ಮೊಂಡಾಯಿತು ಅಂತಲೇ ಅರ್ಥ. ಆಗ ನೂಕುವುದರಿಂದ ಇಂಜಿನ್ ಬಿಸಿಯಾಗುತ್ತದೆಯೇ ಹೊರತು ಮರ ಕೊಯ್ಯುವುದಿಲ್ಲ. ಪ್ರತಿ ಟ್ಯಾಂಕ್ ಪೆಟ್ರೋಲಿಗೆ ಒಮ್ಮೆ ಅರ ಹಾಕಿದೆ. ಎರಡು ಅಡಿ ಮುಂದೆ ಹೋದಾಗಲೆಲ್ಲ ಜೊತೆಗಿದ್ದ ತಮ್ಮ ಹಿಂದಿನ ಸೀಳಿಗೆ ಮರದ ಬೆಣೆ ಸೇರಿಸುತ್ತಿದ್ದ, ಮೇಲಿನ ಭಾರ ಕೂತು ಬಾರ್ ಸಿಕ್ಕಿಹಾಕಿಕೊಳ್ಳಬಾರದಲ್ವಾ. 9 ಅಡಿಗೆ ಹದಿನೈದು ನಿಮಿಷ ಹಿಡಿಯಿತು.

ಹೊರಮೈಯನ್ನು ಇಬ್ಬರೂ ಎತ್ತಿ ಪಕ್ಕಕ್ಕೆ ಸರಿಸಿದೆವು. ಒಳಗೆ ಅರಿಶಿನ. ಬೇರೆ ಮಾತಿಲ್ಲ, ಒದ್ದೆ ಅರಿಶಿನದ ಬಣ್ಣವೇ. ಸುತ್ತಲೂ ಎರಡು ಬೆರಳು ಅಗಲ ಬಿಳಿ ಮರ, ಒಳಗೆಲ್ಲ ಹೊಳೆಯುವ ಹಳದಿ ಚೇಗು. ಅಂಗೈ ಇಟ್ಟರೆ ತಣ್ಣಗೆ, ಸ್ವಲ್ಪ ಅಂಟಂಟು. ಒಂದು ಕಡೆ ಮೈ ನುಣುಪಾಗಿರದೆ ಉಣ್ಣೆಯ ಹಾಗೆ ನವಿರು ಎದ್ದಿತ್ತು. ಬಿಗಿ ಹಿಡಿದ ಮರದ ಗುರುತು ಅದೇ. ಆ ಹಳದಿ ಹೀಗೇ ಉಳಿಯುವುದಿಲ್ಲ. ಬೆಳಕು, ಗಾಳಿ ತಾಗುತ್ತಾ ಬಂಗಾರದ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಲಸಿನ ಹಳೆಯ ಸಾಮಾನು ನೋಡಿದವರಿಗೆ ಗೊತ್ತು.

ಕೊಕ್ಕೆ

ಮೂರನೇ ಸೀಳು, ಬುಡದಿಂದ ನಾಲ್ಕು ಅಡಿ. ಗರಗಸದ ಸ್ವರ ಒಮ್ಮೆಲೇ ಬದಲಾಯಿತು. ಸೀಳಿನ ಬಾಯಿಂದ ಎರಡು ಕಿಡಿ ಹಾರಿದವು. ಥ್ರಾಟಲ್ ಬಿಟ್ಟೆ, ಆದರೂ ಅಷ್ಟರಲ್ಲಿ ಒಂದು ಬದಿಯ ಹಲ್ಲುಗಳು ಹಾಳಾಗಿದ್ದವು. ಎಣಿಸಿದೆ, ಹನ್ನೊಂದು. ಮೂಲೆ ಮೊಂಡಾಗಿ ಬೆಳ್ಳಗೆ ಹೊಳೆಯುತ್ತಿದ್ದವು.

ಬಾರನ್ನು ಹಿಂದಕ್ಕೆ ಎಳೆದು, ಬದಿಯಿಂದ ಉಳಿ ಹೊಡೆದು ಕೆತ್ತುತ್ತಾ ಹೋದೆ. ನಾಲ್ಕು ಇಂಚು ಒಳಗೆ ಬೆರಳ ದಪ್ಪದ ಕಬ್ಬಿಣದ ಕೊಕ್ಕೆ ಸಿಕ್ಕಿತು. ನನ್ನ ಡಿಟೆಕ್ಟರ್ ಅಷ್ಟು ಆಳ ನೋಡುವಂಥದ್ದಲ್ಲ. ಕೊಕ್ಕೆಯಿಂದ ಮೇಲಕ್ಕೂ ಕೆಳಕ್ಕೂ ನಾರಿನ ಉದ್ದಕ್ಕೆ ಕಪ್ಪು ಗೆರೆ ಓಡಿತ್ತು. ಕಬ್ಬಿಣದ ತುಕ್ಕು ಮರದ ರಸದ ಜೊತೆ ಸೇರಿದಾಗ ಆಗುವ ಬಣ್ಣ. ಬುಡದ ತುದಿಯಲ್ಲಿ ನಾನು ಪೇಂಟ್ ಬಳಿದು ಮುಚ್ಚಿದ ಕಲೆ ಇದೇ ಗೆರೆಯ ಕೊನೆ. ಮರ ಮೊದಲೇ ತೋರಿಸಿತ್ತು.

ಚಿಕ್ಕಮ್ಮ ಬಂದು ಕೈಯಲ್ಲಿ ಹಿಡಿದು ನೋಡಿದರು. "ಅಯ್ಯೋ, ಇದು ಮೊಳೆ ಅಲ್ಲ ಕಣಪ್ಪ. ಬಟ್ಟೆ ಒಣಹಾಕೋ ತಂತಿ ಕೊಕ್ಕೆ. ನಾನು ಮದುವೆ ಆಗಿ ಬಂದ ವರ್ಷ ನಿನ್ನ ಚಿಕ್ಕಪ್ಪ ಹಾಕಿದ್ದು. ಆಮೇಲೆ ಅದು ಎಲ್ಲಿ ಹೋಯ್ತು ಅಂತ್ಲೇ ಗೊತ್ತಾಗ್ಲಿಲ್ಲ."

ನಾನು ಕೇಳಿದ್ದು ಮೊಳೆ ಹೊಡೆದಿದ್ದೀರಾ ಅಂತ. ಅವರು ನಿಜವನ್ನೇ ಹೇಳಿದ್ದರು. ಈ ಮರಕ್ಕೆ ಏನೇನು ಕಟ್ಟಿದ್ದಿರಿ, ಏನೇನು ನೇತುಹಾಕಿದ್ದಿರಿ ಅಂತ ಕೇಳಿದ್ದರೆ ತಂತಿಯೂ ನೆನಪಾಗುತ್ತಿತ್ತು, ಉಯ್ಯಾಲೆಯೂ ನೆನಪಾಗುತ್ತಿತ್ತು, ಬೇಲಿಯೂ ನೆನಪಾಗುತ್ತಿತ್ತು. ಈಗ ಯಾರ ಮನೆಗೆ ಹೋದರೂ ಹಾಗೇ ಕೇಳುತ್ತೇನೆ.

ಎರಡನೇ ಚೈನ್ ಹಾಕಿ ಮಾರನೆಯ ದಿನ ಉಳಿದ ಸೀಳು ಮುಗಿಸಿದೆವು. ಮೇಲಿನ ಮೊದಲ ಹಲಗೆ ಬಿಡಿಸಿಕೊಂಡ ಕೂಡಲೇ ಎರಡೂ ತುದಿ ಮೇಲಕ್ಕೆದ್ದು ನಡುವೆ 15 ಮಿಲಿಮೀಟರ್ ಬಾಗಿತ್ತು. ಅಂದುಕೊಂಡ ದಿಕ್ಕಿನಲ್ಲೇ ಬಾಗಿತು ಅನ್ನುವುದಷ್ಟೇ ಸಮಾಧಾನ. ಉಳಿದ ಮೂರು ನೇರ ಬಂದವು. ಅಗಲ 11ರಿಂದ 18 ಇಂಚು.

ತಿರುಳಿರುವ ತೊಲೆಯನ್ನು ಅದೇ ದಿನ ಉದ್ದಕ್ಕೆ ಸೀಳಿ ತಿರುಳು ತೆಗೆದುಬಿಡಬೇಕಿತ್ತು. ಸಂಜೆಯಾಗಿತ್ತು, ಇಬ್ಬರ ಕೈಯೂ ನಡುಗುತ್ತಿತ್ತು, ಬಿಟ್ಟೆವು. ಹತ್ತು ದಿನ ಬಿಟ್ಟು ಬಂದಾಗ ತಿರುಳಿನಿಂದ ಹೊರಗೆ ನಾಣ್ಯ ತೂರುವಷ್ಟು ಬಿರುಕು ಬಿಟ್ಟಿತ್ತು. ನಡುವಿನ ಎರಡು ಇಂಚಿನ ಪಟ್ಟಿ ತೆಗೆದುಹಾಕಿದ ಮೇಲೆ ಬಿರುಕಿನ ಬಹುಪಾಲು ಅದರ ಜೊತೆ ಹೋಯಿತು. ಉಳಿದ ಎರಡು ತುಂಡುಗಳೇ ಈ ದಿಮ್ಮಿಯ ಉತ್ತಮ ಮರ. ಅವುಗಳಲ್ಲಿ ಬೆಳವಣಿಗೆಯ ಉಂಗುರಗಳು ಮೈಗೆ ನೆಟ್ಟಗೆ ನಿಲ್ಲುತ್ತವೆ. ಮರ ಉಂಗುರದ ಗುಂಟ ಕುಗ್ಗುವುದು ಉಂಗುರಕ್ಕೆ ಅಡ್ಡ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ ಇಂಥ ತುಂಡು ಅಗಲದಲ್ಲಿ ಕಡಿಮೆ ಕುಗ್ಗುತ್ತದೆ, ಬಟ್ಟಲಿನ ಹಾಗೆ ಮಡಚಿಕೊಳ್ಳುವುದಿಲ್ಲ.

ಕಾಯುವುದು

ಹಲಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದೂ ಒಂದೇ, ಒಲೆಗೆ ಹಾಕುವುದೂ ಒಂದೇ. ಇದನ್ನು ಸ್ವಲ್ಪ ಬಿರುಸಾಗಿಯೇ ಹೇಳುತ್ತಿದ್ದೇನೆ, ಯಾಕೆಂದರೆ ಇಲ್ಲೇ ಜಾಸ್ತಿ ಮರ ಹಾಳಾಗುವುದನ್ನು ನೋಡಿದ್ದೇನೆ.

ನೆಲದಿಂದ ಒಂದು ಅಡಿ ಎತ್ತರಕ್ಕೆ ಸಿಮೆಂಟ್ ಇಟ್ಟಿಗೆ ಇಟ್ಟು, ಮೇಲೆ ಅಡ್ಡ ತೊಲೆ ಹಾಕಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದೆ. ಹಲಗೆ ಹಸಿಯಿದ್ದಾಗ ಹೇಗೆ ಮಲಗುತ್ತದೋ ಒಣಗಿದ ಮೇಲೂ ಹಾಗೇ ಉಳಿಯುತ್ತದೆ. ಹಲಗೆ ಹಲಗೆಯ ನಡುವೆ ಒಂದು ಇಂಚು ಚೌಕದ ಒಣ ರೀಪರ್ ಪಟ್ಟಿ, ಪ್ರತಿ 18 ಇಂಚಿಗೆ ಒಂದು. ಎಲ್ಲಾ ಪಟ್ಟಿಗಳೂ ಒಂದರ ಮೇಲೊಂದು ಒಂದೇ ಗೆರೆಯಲ್ಲಿ ಬರಬೇಕು. ಒಂದು ಪಟ್ಟಿ ಆಚೀಚೆ ಆದರೆ ಮೇಲಿನ ಭಾರ ಅಲ್ಲಿ ಹಲಗೆಯನ್ನು ಬಗ್ಗಿಸುತ್ತದೆ. ಬಾಗಿದ ಹಲಗೆಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟು ಉಳಿದದ್ದೆಲ್ಲ ಅದರ ಮೇಲೆ ಹೇರಿದೆ. ತುದಿಗಳಿಗೆ ಮತ್ತೆ ಪೇಂಟ್. ಮೇಲೆ ತಗಡು, ನಾಲ್ಕು ಬದಿಯೂ ತೆರೆದದ್ದು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದರೆ ಒಳಗೆ ಬೂಷ್ಟು ಬರುತ್ತದೆ. ಬಿಸಿಲಲ್ಲಿ ಬಿಟ್ಟರೆ ಮೇಲ್ಮೈ ಬೇಗ ಒಣಗಿ ಬಿರಿಯುತ್ತದೆ.

ಹಲಸಿನ ಚೇಗನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ. ಆದರೆ ಸುತ್ತಲಿನ ಬಿಳಿ ಮರ ಹುಳುವಿಗೆ ಒಳ್ಳೆಯ ಊಟ. ಹಲಗೆ ಹಸಿ ಇರುವಾಗಲೇ ಅಂಚುಗಳಿಗೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರು ಬಳಿದೆ. ಮರದಲ್ಲಿರುವ ನೀರೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಬಳಿದರೆ ಮೇಲಷ್ಟೇ ನಿಲ್ಲುತ್ತದೆ.

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಮರದವರು ಹೇಳುವ ಲೆಕ್ಕ. ಅಂದಾಜಿಗೆ ಸರಿ, ಅದನ್ನೇ ನಂಬಿ ಕೂರಬಾರದು. ನಾನು ತೂಕ ಮಾಡಿ ನೋಡಿದೆ. ಹಲಗೆಯ ತುದಿಯಿಂದ ಒಂದು ಅಡಿ ಒಳಗಿನ ಚಿಕ್ಕ ತುಂಡು ಹಸಿಯಲ್ಲಿ 640 ಗ್ರಾಂ ಇತ್ತು. ಒವನ್ನಿನಲ್ಲಿ 103 ಡಿಗ್ರಿಯಲ್ಲಿಟ್ಟು, ತೂಕ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಒಣಗಿಸಿದಾಗ 372 ಗ್ರಾಂ ಆಯಿತು. ಹೋದ ನೀರು 268 ಗ್ರಾಂ. ಒಣ ಮರದ ತೂಕಕ್ಕೆ ಹೋಲಿಸಿದರೆ ಶೇಕಡ 72. ಮರದಲ್ಲಿ ಅಷ್ಟು ನೀರು! ಶೇಕಡ 30ರ ಹತ್ತಿರ ಬರುವವರೆಗೆ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಅಲ್ಲಿಂದ ಕೆಳಗೆ ಇಳಿದಾಗ ಕುಗ್ಗಲು ಶುರು. ಮೊದಲ ಕೆಲವು ತಿಂಗಳು ಟೇಪು ಹಿಡಿದು ಅಳೆದರೆ ಏನೂ ವ್ಯತ್ಯಾಸ ಕಾಣದೆ ಇರುವುದು ಇದಕ್ಕೇ.

ಹದಿನಾಲ್ಕು ತಿಂಗಳಿಗೆ ಹೊಸ ತುಂಡು ತೆಗೆದು ನೋಡಿದಾಗ ಶೇಕಡ 17ಕ್ಕೆ ಇಳಿದಿತ್ತು. 20ಕ್ಕಿಂತ ಕೆಳಗೆ ಬಂದರೆ ಬೂಷ್ಟಿನ ಭಯ ಇಲ್ಲ. ಹಲಗೆಗಳನ್ನು ಮನೆಯೊಳಗೆ ತಂದು ಇನ್ನೂ ನಾಲ್ಕು ತಿಂಗಳು ಪಟ್ಟಿ ಹಾಕಿಯೇ ಮಲಗಿಸಿದೆವು. ಅಗಲದ ಹಲಗೆಗಳು ಅರ್ಧ ಇಂಚಿಗಿಂತ ಸ್ವಲ್ಪ ಕಡಿಮೆ ಕುಗ್ಗಿದ್ದವು. ತೊಗಟೆಯ ಕಡೆಗೆ ಅಂಚುಗಳು ಎದ್ದು ತುಸು ಬಟ್ಟಲಾಗಿದ್ದವು. 50 ಮಿಲಿಮೀಟರ್ ದಪ್ಪ ಇಟ್ಟದ್ದಕ್ಕೆ ಪ್ಲೇನರ್ ಹೊಡೆದು ಚಪ್ಪಟೆ ಮಾಡಿದ ಮೇಲೂ 40 ಉಳಿಯಿತು.

ಬಾಗಿದ ಹಲಗೆ ಭಾರದ ಕೆಳಗೆ ಅರ್ಧ ಮಾತ್ರ ಸರಿಹೋಯಿತು. ಅದನ್ನು ಮೂರು ಮೂರು ಅಡಿಗೆ ತುಂಡು ಮಾಡಿ ಕಪಾಟಿನ ತಟ್ಟೆಗಳಿಗೆ ಬಳಸಿದೆ. ಗಿಡ್ಡ ತುಂಡಿನಲ್ಲಿ ಬಾಗು ಲೆಕ್ಕಕ್ಕಿಲ್ಲ. ಇನ್ನೆರಡು ಹಲಗೆ ಮತ್ತು ನಡುವಿನ ತೊಲೆಯ ತುಂಡು ಸೇರಿ 8 ಅಡಿಯ ಬೆಂಚು ಆಯಿತು. ಕೊಕ್ಕೆಯ ಕಪ್ಪು ಗೆರೆ ಇರುವ ಹಲಗೆ ಅದರಲ್ಲೇ ಇದೆ. ಗೆರೆಯ ಜಾಗದಲ್ಲಿ ಮರ ಗಟ್ಟಿಯಾಗಿಯೇ ಇದೆ, ಕೆತ್ತಿದ ತೂತಿಗೆ ಮಾತ್ರ ಹಲಸಿನದೇ ತುಂಡು ಕೂರಿಸಿದೆ. ಒಂದು ಹಲಗೆ ಇನ್ನೂ ಅಟ್ಟದ ಮೇಲಿದೆ.

ಅದೇ ಹಿತ್ತಲ ಇನ್ನೊಂದು ಮೂಲೆಯಲ್ಲಿ ಒಣಗುತ್ತಿರುವ ಮಾವಿನ ಮರ ಇದೆ. ಈ ಸಲ ಚಿಕ್ಕಮ್ಮ ಕಡಿಯುವವರಿಗಿಂತ ಮೊದಲು ನನಗೆ ಫೋನ್ ಮಾಡಿದರು. ಮಾವು ಹಲಸಿನ ಹಾಗೆ ಕಾಯುವ ಮರ ಅಲ್ಲ. ಕಡಿದು ಬಿಟ್ಟರೆ ಬೇಗ ನೀಲಿಗಟ್ಟುತ್ತದೆ, ಹುಳು ಹಿಡಿಯುತ್ತದೆ. ಬಿದ್ದ ವಾರದೊಳಗೆ ಕೊಯ್ದು ಪಟ್ಟಿ ಹಾಕಿ ಪೇರಿಸಬೇಕು. ಇಟ್ಟಿಗೆ, ರೀಪರ್, ತಗಡು ಎಲ್ಲಾ ಈಗಲೇ ತಂದಿಟ್ಟಿದ್ದೇವೆ. ಮರದ ಮೈಮೇಲೆ ಸೀಮೆಸುಣ್ಣದಲ್ಲಿ 9 ಅಡಿಗೊಂದು, ಮತ್ತೆ ಕವಲಿನ ಕೆಳಗೂ ಮೇಲೂ ಒಂದೊಂದು ಗೆರೆ ಎಳೆದಿದ್ದೇನೆ. ಪ್ರತಿ ತುಂಡಿಗೂ ಬಿರುಕಿಗೆ ಅಂತ 8 ಇಂಚು ಜಾಸ್ತಿ ಬಿಟ್ಟಿದ್ದೇನೆ. ಚಿಕ್ಕಮ್ಮ ಮರದ ಸುತ್ತ ಒಂದು ಸುತ್ತು ಬಂದು, ಕೈ ಎತ್ತಿ ಎರಡು ಜಾಗ ತೋರಿಸಿದರು. "ಇಲ್ಲಿ ಉಯ್ಯಾಲೆ ಇತ್ತು. ಇಲ್ಲಿ ದನ ಕಟ್ತಿದ್ವಿ, ಬಳೆ ಇರ್ಬೇಕು ನೋಡು." ಎರಡೂ ಕಡೆ ಗುಣಾಕಾರದ ಗುರುತು ಹಾಕಿದೆ.